ಗುಜರಿ ಪೆಟ್ಟಿಗೆಯ ಪಾಲು

ಇಸ್ಮಾಯಿಲ ಮಿಸ್ತ್ರಿಯ ನಲವತ್ತನೆಯ ದಿನದ ಫಾತಿಹಾ ಮುಗಿದ ಮರುದಿನ ಅವನ ಇಬ್ಬರು ಮಕ್ಕಳು ಕಾರ್ಖಾನೆಯ ಪಾಲಿಗೆ ಕೂತರು. ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ಮುಗಳಖೋಡದ ಹಾದಿ ಬದಿಗೆ ಒಂದು ತಗಡಿನ ಚಪ್ಪರ, ಅದರೊಳಗೆ ಕಟ್ಟಿಗೆ ಹೆರೆದು ನುಣುಪು ಮಾಡುವ ರಂಧಾ ಮಷಿನ್ನು, ಗೋಡೆಗೆ ತೂಗುಬಿದ್ದ ಕರಗಸಗಳು. ಹಾದಿಯ ಆಚೆ ಶಟರ್ ಇದ್ದ ಒಂದು ಸಣ್ಣ ಅಂಗಡಿ, ಅಷ್ಟೆ. ಆ ಮನೆತನದಲ್ಲಿ ಪಾಲಿನ ರೀತಿ ಅಜ್ಜನ ಕಾಲದ್ದು: ಸೊತ್ತನ್ನು ಎರಡು ಗುಂಪಿ ಹಾಕುವವನು ಹಿರಿಯ, ಆರಿಸಿಕೊಳ್ಳುವವನು ಕಿರಿಯ. ಹಿರಿಯವನ ಕೈಯಲ್ಲಿ ಮೋಸವಿದ್ದರೆ ಮೋಸದ ಗುಂಪಿ ಅವನ ಕೊರಳಿಗೇ ಬೀಳುತ್ತದೆ. ತಕ್ಕಡಿ ಬೇಕಿಲ್ಲ, ವಕೀಲ ಬೇಕಿಲ್ಲ. ಕಟ್ಟಿಗೆ ಅಡ್ಡೆಯ ಬಾಳಾಸಾಬ ಸಾಕ್ಷಿಗೆಂದು ಬಂದವನು ಬಸಿಯಲ್ಲಿ ಚಹಾ ಸುರುವಿಕೊಂಡು ಊದುತ್ತ ಕೂತಿದ್ದ.

ಹಿರಿಯವನಾದ ಶಾಕೀರ ಗುಂಪಿ ಹಾಕಿದ್ದು ತೂಕ ನೋಡಿ ಅಲ್ಲ, ತಮ್ಮನ ಎಡಗೈ ನೋಡಿ. ಸಾದಿಕನ ಆ ಕೈಯ ನಾಲ್ಕು ಬೆರಳನ್ನು ಎರಡು ವರ್ಷದ ಹಿಂದೆ ಇದೇ ರಂಧಾ ಮಷಿನ್ನು ತಿಂದಿತ್ತು. ಅಂಗೈ ಮತ್ತು ಹೆಬ್ಬೆರಳು ಉಳಿದಿದ್ದವು. ಅಂದಿನಿಂದ ಊರು ಅವನನ್ನು ಬಡಗಿಗಳ ಲೆಕ್ಕದಿಂದ ತೆಗೆದುಹಾಕಿತ್ತು. ಚಪ್ಪರದ ಮೂಲೆಯಲ್ಲಿ ಕೂತು ಮೊಳೆ ನೆಟ್ಟಗೆ ಮಾಡುವುದು, ಪಾಲಿಶ್ ಕಾಗದ ತಿಕ್ಕುವುದು ಅವನ ಪಾಲಿಗೆ ಬಂದಿತ್ತು.

ಒಂದು ಗುಂಪಿಯಲ್ಲಿ ಚಪ್ಪರ, ಮಷಿನ್ನು, ಕರಗಸ, ಉಳಿ, ರಂಧಾ, ಕಟ್ಟಿಗೆ ಬಿಗಿಹಿಡಿಯುವ ಶಿಕಂಜಾ. ಇನ್ನೊಂದರಲ್ಲಿ ಆಚೆ ಬದಿಯ ಅಂಗಡಿ, ಜೊತೆಗೆ ಶಾಕೀರನೇ ಮುಂದಾಗಿ ತರಿಸಿಟ್ಟಿದ್ದ ಥಂಡಾ ಮಾರುವ ಫ್ರಿಜ್. ಈ ಗುಂಪಿ ಸ್ವಲ್ಪ ಬಡವಾಗಿ ಕಂಡದ್ದರಿಂದಲೋ ಏನೋ, ಕಡೆಗೆ ಅವನು ಅಪ್ಪನ ಹಳೆಯ ತಗಡಿನ ಪೆಟ್ಟಿಗೆಯನ್ನು ಕಾಲಿನಿಂದಲೇ ಆ ಕಡೆಗೆ ನೂಕಿದ.

"ಇದೂ ಇರ್ಲಿ. ಗುಜರಿಯವ ಬಂದಾಗ ಹಾಕಿದ್ರ ನಾಕ ಉಳ್ಳಾಗಡ್ಡಿ ಕೊಡ್ತಾನ."

ಬಾಳಾಸಾಬ ನಕ್ಕ. ಸಾದಿಕ ನಗಲಿಲ್ಲ. ಅವನ ಕಣ್ಣು ಪೆಟ್ಟಿಗೆಯ ಮೇಲಿತ್ತು.

ಆ ಪೆಟ್ಟಿಗೆಯಲ್ಲಿ ಕೊಯ್ಯುವ, ಕೆತ್ತುವ ಸಾಮಾನು ಒಂದೂ ಇರಲಿಲ್ಲ. ಗಾಡಿಯ ಹಳೆ ಅಚ್ಚನ್ನು ಕಮ್ಮಾರನಿಂದ ಬಗ್ಗಿಸಿಕೊಂಡು ತಂದ ಎರಡು ಡೊಂಕು ಸಲಾಕೆಗಳು. ಹಿಟ್ಟಿನ ಗಿರಣಿಯ ಹರಿದ ಪಟ್ಟಾ. ಮುರಿದ ಕರಗಸದ ಒಂದು ಚೂರು. ಮೊಳದುದ್ದದ ಎರಡು ಸಾಗವಾನಿ ಪಟ್ಟಿ. ಅಪ್ಪ ಇದ್ದಾಗ ಕಡೆಯ ವರ್ಷ, ಶಾಕೀರ ಕಟ್ಟಡದ ಕೆಲಸಕ್ಕೆಂದು ರಾಯಬಾಗಕ್ಕೆ ಹೋದ ದಿನಗಳಲ್ಲೆಲ್ಲ, ಮುದುಕ ಈ ಒಂದೊಂದನ್ನೂ ಹೊರಗೆ ತೆಗೆದು ಸಾದಿಕನ ಮುಂದೆ ಇಡುತ್ತಿದ್ದ. "ಕೊಯ್ಯೂದು ಅರ್ಧ ಕೆಲಸ, ಬೇಟಾ. ಇನ್ನ ಅರ್ಧ ಹಿಡಿಯೂದು. ನಿನ್ನ ಕೊಯ್ಯೂ ಕೈ ಗಟ್ಟಿ ಐತಿ. ಹಿಡಿಯಾಕ ಇವು ಅದಾವು" ಎನ್ನುತ್ತಿದ್ದ. ಕೈಯ ಗಾಯ ಮಾಯ್ದದ್ದು ದವಾಖಾನೆಯಲ್ಲಿ. ಮನಸ್ಸಿನದು ಮಾಯ್ದದ್ದು ಆ ದಿನಗಳಲ್ಲಿ.

"ಏನ ವಿಚಾರ ಮಾಡ್ತಿ? ನಿಂದ ಪಾಳಿ" ಎಂದ ಬಾಳಾಸಾಬ.

"ಅಂಗಡಿ ಗುಂಪಿ ನಂದು."

ಶಾಕೀರನ ಮುಖ ಸಡಿಲವಾಯಿತು. "ಶಾಣ್ಯಾ ಅದಿ ಲೇ. ನೆಳ್ಳಾಗ ಕುಂತು ಥಂಡಾ ಮಾರು. ಕೈಗೆ ತ್ರಾಸ ಇಲ್ಲ."

ಸಾದಿಕ ಎದ್ದು ಪೆಟ್ಟಿಗೆಯನ್ನು ಬಲ ಹೆಗಲಿಗೆ ಏರಿಸಿದ. "ಫ್ರಿಜ್ ನೀನ ಇಟ್ಕೋ ಭಾಯಿ. ಅಂಗಡ್ಯಾಗ ಜಾಗಾ ಸಾಲೂದಿಲ್ಲ. ನಾ ಅಲ್ಲಿ ಬಡಗಿ ಕೆಲಸ ಮಾಡಾಂವ."

"ಯಾವ ಸಾಮಾನ್ಲೆ? ಸಾಮಾನೆಲ್ಲ ಇಲ್ಲೆ ಅದಾವು!"

"ಕರಗಸ, ಉಳಿ ರಾಯಬಾಗದ ಬಜಾರದಾಗ ಸಿಗತಾವು. ಇವು ಎಲ್ಲಿ ಸಿಗತಾವು?"

"ಮಷಿನ್ ಬಿಟ್ಟು ಗುಜರಿ ಆರಿಸ್ದಿ ಅಂದ್ರ ನಿನಗ ತಲೀ ಕೆಟ್ಟೈತಿ."

"ಆ ಮಷಿನ್ನು ನನ್ನ ಕೈ ಉಂಡೈತಿ. ಮತ್ತ ಮನಿಗೆ ಕರ್ಕೊಂಡ ಹೋಗಿ ಅದಕ್ಕ ಊಟಕ್ಕ ಹಾಕಲೇನು?"

*

ಸಾದಿಕನ ಹೆಂಡತಿ ತಸ್ಲೀಮ ಏನೂ ಅನ್ನಲಿಲ್ಲ ಎಂದರೆ ಸುಳ್ಳಾದೀತು. ರೊಟ್ಟಿ ತಟ್ಟುತ್ತ ಬೇಕಾದಷ್ಟು ಅಂದಳು. "ಊರ ಮಂದಿ ಏನಂತಾರ ಗೊತ್ತೇನ್ರಿ? ಮಿಸ್ತ್ರಿ ಸತ್ತ, ಮಗ ಹುಚ್ಚ ಆದ ಅಂತಾರ." ಮಾತಿನಷ್ಟೇ ಜೋರಾಗಿ ತಟ್ಟಿದ ರೊಟ್ಟಿ ಹಂಚಿಗೆ ಬಿತ್ತು. ಮಾರನೆಯ ದಿನ ತವರಿಗೆಂದು ರಾಯಬಾಗಕ್ಕೆ ಹೋದವಳು ತಿರುಗಿ ಬರುವಾಗ ಚೀಲದಲ್ಲಿ ಒಂದು ಕರಗಸ, ಎರಡು ಉಳಿ, ಒಂದು ರಂಧಾ ಇದ್ದವು. "ಹುಚ್ಚ ಆದ್ರ ಪೂರಾ ಆಗ್ರಿ. ಅರ್ಧ ಹುಚ್ಚು ಚಲೋ ಅಲ್ಲ" ಎಂದು ಅವನ ಮುಂದೆ ಇಟ್ಟಳು.

ಸಾದಿಕ ಅಂಗಡಿಯಲ್ಲಿ ಜಾಲಿಯ ದಪ್ಪ ಹಲಗೆಯದೊಂದು ಕೆಲಸದ ಮೇಜು ಕಟ್ಟಿದ. ಹಲಗೆಗೆ ಅಲ್ಲಲ್ಲಿ ತೂತು ಕೊರೆದ. ಆ ತೂತಿಗೆ ಡೊಂಕು ಸಲಾಕೆಯ ಉದ್ದದ ಕಾಲು ಇಳಿಬಿಟ್ಟು, ಬಾಗಿದ ಮೂತಿಯನ್ನು ಕಟ್ಟಿಗೆಯ ಮೇಲೆ ಇಟ್ಟು, ತಲೆಗೆ ಸುತ್ತಿಗೆಯಿಂದ ಒಂದು ಪೆಟ್ಟು ಕೊಟ್ಟರೆ ಸಾಕು, ಸಲಾಕೆ ತೂತಿನಲ್ಲಿ ಓರೆಯಾಗಿ ಕಚ್ಚಿ ಕೂರುತ್ತಿತ್ತು. ಆಳು ಎಳೆದರೂ ಕಟ್ಟಿಗೆ ಅಲುಗುತ್ತಿರಲಿಲ್ಲ. ಹಿಂಬದಿಗೆ ಒಂದು ಏಟು ಬಿದ್ದರೆ ಬಿಟ್ಟುಕೊಡುತ್ತಿತ್ತು. ಸಣ್ಣ ತುಂಡುಗಳಿಗೆ ಗಿರಣಿಯ ಪಟ್ಟಾ. ಅದನ್ನು ತುಂಡಿನ ಮೇಲಿಂದ ಹಾಸಿ, ಎರಡೂ ತುದಿಯನ್ನು ತೂತಿನಿಂದ ಕೆಳಗಿಳಿಸಿ ಕುಣಿಕೆ ಮಾಡಿ ಕಾಲಲ್ಲಿ ಒತ್ತುವುದು. ಒತ್ತಿದರೆ ಹಿಡಿತ, ಎತ್ತಿದರೆ ಸಡಿಲ. ಕೈ ಮಾಡುವ ಕೆಲಸವನ್ನು ಕಾಲು ಕಲಿಯಿತು.

ಶಟರ್ ಅನ್ನು ಅವನು ಪೂರಾ ಎತ್ತಿಯೇ ಇಡುತ್ತಿದ್ದ. ಮೂಲೆಯಲ್ಲಿ ಕೂತದ್ದು ಸಾಕಾಗಿತ್ತು, ನೋಡುವವರು ನೋಡಲಿ.

ನೋಡುವವರಿಗೇನು ಬರ. "ಸಾದಿಕಭಾಯಿ, ಒಂದ ಥಂಡಾ ಕೊಡ್ರಿ" ಎಂದು ಬೇಕಂತಲೇ ಬರುವವರಿದ್ದರು. "ಥಂಡಾ ಎದುರಿಗೆ ಐತ್ರಿ, ನಮ್ಮಣ್ಣನ ಕಡೆ. ಇಲ್ಲೆ ಬರೇ ಬಿಸಿ" ಎನ್ನುತ್ತಿದ್ದ. ಬಂದ ಕೆಲಸ ಲಟ್ಟಣಿಗೆ, ಚಪಾತಿ ಮಣೆ, ಕೊಡಲಿಯ ಕಾವು. ಯಾವುದನ್ನೂ ಅವನು ಸಣ್ಣದೆನ್ನಲಿಲ್ಲ. ಮುರಿದ ಕರಗಸದ ಚೂರಿನ ಅಂಚಿಗೆ ಉಕ್ಕಿನ ಕಡ್ಡಿ ಒತ್ತಿ ಎಳೆದು ಕಣ್ಣಿಗೆ ಕಾಣದಷ್ಟು ಸಣ್ಣ ಕೊಕ್ಕೆಯಂಥ ಮೊನೆ ಎಬ್ಬಿಸಿ, ಆ ಚೂರನ್ನು ಮಣೆಯ ಮೇಲೆ ಎಳೆದರೆ ಈರುಳ್ಳಿ ಸಿಪ್ಪೆಯಂಥ ಹೊಟ್ಟು ಏಳುತ್ತಿತ್ತು. ಪಾಲಿಶ್ ಕಾಗದ ತಿಕ್ಕುವುದನ್ನು ಅವನು ಬಿಟ್ಟೇಬಿಟ್ಟ. ಹಾದಿಯ ಆಚೆ ಶಾಕೀರ ಮಾತ್ರ ಬಂದ ಗಿರಾಕಿಗೆಲ್ಲ ಹೇಳುತ್ತಿದ್ದ: "ಅಲ್ಲಿ ಮಣಿ ಮಾಡಿಸ್ಕೋರಿ, ಬ್ಯಾಡ ಅನ್ನೂದಿಲ್ಲ. ಬಡಗಿ ಕೆಲಸ ಇದ್ರ ಇಲ್ಲೆ ಬರ್ರಿ."

ಈ ಮಾತು ಸಾದಿಕನ ಕಿವಿಗೆ ಬಿದ್ದಾಗಲೆಲ್ಲ ಅವನ ಕಾಲು ಪಟ್ಟಾವನ್ನು ಇನ್ನಷ್ಟು ಗಟ್ಟಿ ಒತ್ತುತ್ತಿತ್ತು. ಅವನಿಗೆ ಬೇಕಾದದ್ದು ಆ ಒಂದೇ ಮಾತು: ಬಡಗಿ.

*

ಅಲಖನೂರಿನ ವಿಠೋಬಾ ಎತ್ತಿನ ಗಾಡಿ ಓಡಿಸುವ ಶರ್ಯತ್ತಿನ ಹುಚ್ಚ. ತನ್ನ ಖಿಲಾರಿ ಎತ್ತಿನ ಜೋಡಿಯನ್ನು ಕಾಗವಾಡ, ಅಥಣಿಯ ಕಡೆಯ ಶರ್ಯತ್ತುಗಳಿಗೆಲ್ಲ ಒಯ್ಯುವವನು. ಮಳೆಗಾಲ ಮುಗಿಯುತ್ತಲೇ ಶಾಕೀರನಿಂದ ಹೊಸ ನೊಗ ಮಾಡಿಸಿದ್ದ. ಒಂದು ಬೆಳಿಗ್ಗೆ ಅದೇ ನೊಗವನ್ನು ಹೆಗಲ ಮೇಲೆ ಹೊತ್ತು ಬಂದು ಚಪ್ಪರದ ಮುಂದೆ ಧೊಪ್ಪನೆ ಒಗೆದ.

"ಏನ ನೊಗ ಇದು ಶಾಕೀರಾ? ಎಡಗಡಿ ಎತ್ತಿನ ಹೆಗಲ ಸುಲದ ಹೋಗೇತಿ! ಬಲಗಡಿಯಂವ ಓಡಾಕತ್ತಾನ, ಎಡಗಡಿಯಂವ ಅಳಾಕತ್ತಾನ!"

"ಮಷಿನ್ ಮ್ಯಾಲ ತೆಗದದ್ದು ಮಾವಾ. ಕೂದಲೆಳಿ ಫರಕ ಇಲ್ಲ. ನಿನ್ನ ಎತ್ತಿಂದ ಹೆಗಲು ನಾಜೂಕ."

"ಎತ್ತಿನ ಹೆಗಲಿಗೆ ಹೆಸರಿಡ್ತಿ?"

ಮಾತು ಏರಿತು. ಸಾದಿಕ ಉಳಿ ಕೆಳಗಿಟ್ಟು ಹಾದಿಗೆ ಬಂದ. "ವಿಠೋಬಾ ಮಾವಾ, ಅದನ್ನ ಇಲ್ಲಿ ತಾ. ಬರೇ ನೋಡೂನು."

ವಿಠೋಬಾ ಅನುಮಾನದಿಂದಲೇ ತಂದ. ಸಾದಿಕ ನೊಗವನ್ನು ಮೇಜಿನ ಮೇಲೆ ಮಲಗಿಸಿ, ಅಪ್ಪನ ಪೆಟ್ಟಿಗೆಯ ಆ ಎರಡು ಸಾಗವಾನಿ ಪಟ್ಟಿಗಳಲ್ಲಿ ಒಂದನ್ನು ನೊಗದ ಈ ತುದಿಗೆ, ಒಂದನ್ನು ಆ ತುದಿಗೆ ಅಡ್ಡ ಇಟ್ಟ. "ಒಂದ ಕಣ್ಣ ಮುಚ್ಚು. ಕೆಳಗ ಬಾಗಿ ಎರಡೂ ಪಟ್ಟಿ ಒಂದರ ಹಿಂದ ಒಂದ ನೋಡು."

ವಿಠೋಬಾ ಬಾಗಿದ. ಪಟ್ಟಿಗಳ ಅಂಚು ಒಂದಕ್ಕೊಂದು ಕೂಡಲಿಲ್ಲ. ಹಿಂದಿನದರ ಎಡ ಮೂಲೆ ಎದ್ದಿತ್ತು, ಬಲ ಮೂಲೆ ಇಳಿದಿತ್ತು. ಬರಿಗಣ್ಣಿಗೆ ನೆಟ್ಟಗೆ ಕಂಡ ನೊಗ ಹಿಂಡಿದ ಅರಿವೆಯಂತೆ ತಿರುಚಿಕೊಂಡಿತ್ತು.

"ತಿರುವು ಬಿದ್ದೈತಿ. ಒಬ್ಬನ ಹೆಗಲ ಮ್ಯಾಲ ಅಗಲಕ್ಕ ಕುಂಡ್ರತೈತಿ, ಇನ್ನೊಬ್ಬನ ಹೆಗಲಿಗೆ ಏಣು ಹತ್ತತೈತಿ" ಎಂದ ಸಾದಿಕ. "ಮಷಿನ್ನು ತಿರುವು ತೆಗಿಯೂದಿಲ್ಲ. ತಿರುವಿದ್ದ ಕಟ್ಟಿಗಿನ್ನ ಹಂಗ ನುಣ್ಣಗ ಮಾಡಿ ಕೊಡತೈತಿ."

ವಿಠೋಬಾ ಸೊಂಟ ನೆಟ್ಟಗೆ ಮಾಡಿದ. "ಹೊಸಾದು ಮಾಡ್ತೀಯೇನು?" ಕೇಳಿದವನ ಕಣ್ಣು ಎಡಗೈಯ ಮೇಲೆ ಬಿದ್ದು ಅಲ್ಲಿಯೇ ನಿಂತಿತು. "ಅಲ್ಲ... ಕೈ?"

"ನಿನ್ನ ಎತ್ತಿಗೆ ಕೈ ಎಲ್ಲಿ ಅದಾವು ಮಾವಾ? ಓಡೂದಿಲ್ಲೇನು?"

ವಿಠೋಬಾ ಹೋ ಎಂದು ನಕ್ಕ. ಸಂಜೆಗೆ ಒಣಗಿದ ಸಾಗವಾನಿ ತೊಲೆಯೊಂದು ಅಂಗಡಿಯ ಮುಂದೆ ಇಳಿಯಿತು.

*

ನೊಗದ ಕೆಲಸ ನಡೆದಾಗ ಅಂಗಡಿಯ ಮುಂದೆ ಜನ ನಿಲ್ಲತೊಡಗಿದರು. ಡೊಂಕು ಸಲಾಕೆಗಳು ತೊಲೆಯನ್ನು ಕಚ್ಚಿ ಹಿಡಿದಿದ್ದವು. ಸಾದಿಕ ಬಲಗೈಯಿಂದ ರಂಧಾ ದೂಡುತ್ತ, ಎಡ ಅಂಗೈಯಿಂದ ಅದರ ಮೂತಿ ಅದುಮುತ್ತ, ಆಗಾಗ ಪಟ್ಟಿ ಇಟ್ಟು ಕಣ್ಣು ಹಾಯಿಸುತ್ತ, ಎದ್ದ ಮೂಲೆಯನ್ನು ಇಳಿಸುತ್ತಿದ್ದ. ಅವಸರವಿರಲಿಲ್ಲ.

ನಡುಹಗಲಿಗೆ ಶಾಕೀರ ಹಾದಿ ದಾಟಿ ಬಂದ. ಜೊತೆಗೆ ತಾಯಿ ಸುಲ್ತಾನಬಿಯನ್ನು ಕರೆತಂದಿದ್ದ.

"ಪಾಲಿನ್ಯಾಗ ಚೂಕ ಆಗೇತಿ" ಎಂದ. "ಆ ಪಟ್ಟಿ, ಸಲಾಕಿ ಅಬ್ಬಾನ ಕಾರ್ಖಾನೀವು. ಕಾರ್ಖಾನಿ ನಂದು. ಅವನ್ನ ಕೊಡು, ಬದಲಿಗೆ ಉಳಿ ಕೊಡ್ತೀನಿ. ಇಲ್ಲಾ, ನೀನೂ ಬಂದು ನನ್ನ ಚಪ್ಪರದಾಗ ಕುಂದ್ರು. ಕಟ್ಟಿಗಿ ನೋಡಿ ಹೇಳು, ಸಾಕು."

"ಮತ್ತ ಮೂಲ್ಯಾಗ?"

"ಕೊಟ್ಟ ಬಿಡು ಬೇಟಾ" ಎಂದಳು ಸುಲ್ತಾನಬಿ. "ಎರಡ ಕಟ್ಟಿಗಿ ತುಂಡಿಗೆ ಅಣ್ಣತಮ್ಮ ಹಾದ್ಯಾಗ ನಿಂತು ಬಡದಾಡತೀರೇನು?"

"ಬಡದಾಡಾಕ ಬಂದಾಂವ ನಾ ಅಲ್ಲಮ್ಮ. ಗುಂಪಿ ಹಾಕಿದಾಂವ ಭಾಯಿ, ಎಲ್ಲಾರ ಮುಂದ. ನೊಗ ನೋಡೂದಿದ್ರ ಇಲ್ಲಿ ತರ್ಲಿ, ನೋಡ್ತೀನಿ. ಸಾಮಾನು ಹಾದಿ ದಾಟೂದಿಲ್ಲ. ನಾನೂ ದಾಟೂದಿಲ್ಲ."

ನಿಂತವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆ ನಗೆ ಶಾಕೀರನಿಗೆ ಚುಚ್ಚಿತು. ಮೇಜಿನ ಮೇಲಿದ್ದ ಒಂದು ಪಟ್ಟಿಯನ್ನು ಸೆಳೆದು ಮೊಣಕಾಲಿಗೆ ಹಚ್ಚಿ ಫಟ್ಟನೆ ಮುರಿದ.

"ಈಗ ಮಾಡು! ಇದರ ಜೋರ ಮ್ಯಾಲ ಅಲ್ಲೇನು ಮಿಸ್ತ್ರಿ ಆಗಿದ್ದಿ? ಈಗ ಆಗು!"

ಸುಲ್ತಾನಬಿ ಬಾಯಿಗೆ ಸೆರಗು ಹಚ್ಚಿದಳು. ಅಪ್ಪನ ಕೈ ಆಡಿದ ಕಟ್ಟಿಗೆ ಅದು. ಸುತ್ತಿಗೆ ಸಾದಿಕನ ಬಲಗೈಗೆ ಹತ್ತಿರವೇ ಇತ್ತು. ಅವನು ಅದನ್ನು ಎತ್ತಿದ. ಜನ ಒಂದು ಹೆಜ್ಜೆ ಹಿಂದೆ ಸರಿದರು. ಸಲಾಕೆಯ ಹಿಂಬದಿಗೆ ಒಂದು ಏಟು ಕೊಟ್ಟು ನೊಗವನ್ನು ಬಿಡಿಸಿ ಪಕ್ಕಕ್ಕೆ ಇಳಿಸಿದ.

ಆಮೇಲೆ ತೊಲೆಯಿಂದ ಉಳಿದಿದ್ದ ತುಂಡುಗಳಲ್ಲಿ ಎಳೆ ನೆಟ್ಟಗಿದ್ದದ್ದೊಂದನ್ನು ಹುಡುಕಿ, ಪಟ್ಟಾದಡಿ ಒತ್ತಿ, ಉದ್ದಕ್ಕೆ ಸೀಳಿ ಹೊಸದೇ ಒಂದು ಜೋಡಿ ಪಟ್ಟಿ ಮಾಡಿದ. ಎರಡನ್ನೂ ಜೋಡಿಸಿ ಸಲಾಕೆಯಿಂದ ಬಿಗಿದು ಒಟ್ಟಿಗೇ ರಂಧಾ ಹಾಯಿಸಿದ. ತೆಳ್ಳಗಿನ ಹೊಟ್ಟು ಸುರುಳಿಯಾಗಿ ಎದ್ದು ಶಾಕೀರನ ಕಾಲ ಮೇಲೆ ಬಿತ್ತು. ಅವನು ಹೋಗಬಹುದಿತ್ತು, ಹೋಗಲಿಲ್ಲ. ಎಷ್ಟೆಂದರೂ ಬಡಗಿಯ ಮಗ. ಕೈ ಎಲ್ಲಿ ತಪ್ಪುತ್ತದೆಂದು ಕಾಯುತ್ತ ನಿಂತಿದ್ದವನು, ಬರಬರುತ್ತ ಬರೀ ನೋಡುತ್ತ ನಿಂತ.

ಸಾದಿಕ ಪಟ್ಟಿಗಳನ್ನು ಬಿಡಿಸಿ ಅಂಚಿಗೆ ಅಂಚು ಹಚ್ಚಿ ಬೆಳಕಿಗೆ ಹಿಡಿದ. ನಡುವೆ ಕೂದಲಿನಂಥ ಬೆಳಕಿನ ಗೆರೆ, ಅಂಚು ಇನ್ನೂ ಪೂರಾ ಕೂಡಿರಲಿಲ್ಲ. ಮತ್ತೆ ಬಿಗಿದ, ಮತ್ತೆ ಹಾಯಿಸಿದ. ಮತ್ತೆ ಹಿಡಿದ. ಈ ಸಲ ಗೆರೆ ಇತ್ತೋ ಇಲ್ಲವೋ ತಿಳಿಯಲಿಲ್ಲ. ಹಾದಿಯ ಬೆಳಕಿಗೆ ಅಡ್ಡವಾಗಿ ಅಣ್ಣ ನಿಂತಿದ್ದ.

"ಭಾಯಿ," ಎಂದ ಸಾದಿಕ, ಪಟ್ಟಿಯಿಂದ ಕಣ್ಣು ತೆಗೆಯದೆ, "ಬೆಳಕ ಬಿಡು. ಕೆಲಸ ನಡದೈತಿ."

ಶಾಕೀರ ಸುತ್ತ ನಿಂತವರನ್ನು ನೋಡಿದ. ಯಾರೂ ನಗುತ್ತಿರಲಿಲ್ಲ, ಎಲ್ಲರ ಕಣ್ಣು ಆ ಎರಡು ಪಟ್ಟಿಗಳ ಮೇಲಿತ್ತು.

ಅವನು ಸರಿದು ನಿಂತ.