ನಾಲ್ಕನೆಯ ಗುಳಿಗೆ

ಪಕ್ಕೀರಪ್ಪನಿಗೆ ನಾಲ್ಕನೆಯ ಗುಳಿಗೆಯ ಮೇಲೆ ಸಿಟ್ಟು. ಮೊದಲ ಮೂರನ್ನು ಒಂದರ ಹಿಂದೊಂದು ನುಂಗಿ, ತಂಬಿಗೆ ಕೆಳಗಿಟ್ಟುಬಿಡುತ್ತಿದ್ದ.

"ಇನ್ನೊಂದು ಐತ್ರಿ, ಮಾವಾರ," ಎನ್ನುತ್ತಿದ್ದಳು ಸೊಸೆ ಸುನಿತಾ.

"ಮೂರು ಸಾಕ್ ಬಿಡವ್ವ. ಇದು ಹೊಟ್ಟಿಯಾಗ ಹೋಗಿ ಜಗಳ ತಗೀತೈತಿ."

"ಬಾಯಿ ತಗೀರಿ."

ತೆಗೆಯುತ್ತಿದ್ದ. ನುಂಗಿದ ಮೇಲೂ ಅವಳು ನಾಲಿಗೆ ಎತ್ತಿಸಿ ನೋಡುತ್ತಿದ್ದಳು. ಎರಡು ವರ್ಷದ ಹಿಂದೆ ಅವಳ ಗಂಡ ಹನಮೇಶ ಜ್ವರ ಬಂದಾಗ ನಾಳೆ ಹೋದರಾಯಿತು ಎಂದು ಎರಡು ದಿನ ತಳ್ಳಿ, ಮೂರನೆಯ ದಿನ ತೀರಿಕೊಂಡಿದ್ದ. ಅವಳು ಹೆಚ್ಚು ಅಳಲಿಲ್ಲ. ಆದರೆ ಈ ಮನೆಯಲ್ಲಿ ಇನ್ನು ಯಾರ ಔಷಧವೂ ತಪ್ಪಬಾರದು ಎಂದು ಗಟ್ಟಿ ಮಾಡಿಕೊಂಡಿದ್ದಳು.

ಈ ಗುಳಿಗೆಗಳು ಟಿ.ಬಿ.ಯವು. ಭತ್ತ ಕೊಯ್ದ ಮೇಲೆ ಶ್ರೀರಾಮನಗರದ ಕಡೆಯ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ತನ್ನ ಕುರಿಹಿಂಡು ತರುಬಿ ನಿಲ್ಲಿಸಿದ್ದಾಗ ಪಕ್ಕೀರಪ್ಪನ ಕೆಮ್ಮು ನಿಲ್ಲಲಿಲ್ಲ. ಎಂ.ಎ. ಓದಿದ ಸೊಸೆಯೇ ತಮ್ಮೂರು ಹನುಮಸಾಗರದಿಂದ ಬಸ್ಸು ಹತ್ತಿ ಬಂದು ಅಲ್ಲಿನ ಶಿಬಿರವೊಂದರಲ್ಲಿ ಕಫ ತೋರಿಸಿದಳು. ತೂಕಕ್ಕೆ ತಕ್ಕಂತೆ ದಿನಕ್ಕೆ ನಾಲ್ಕು ಗುಳಿಗೆ ಎಂದರು. ಮಾವನನ್ನು ಊರಿಗೆ ಕರೆತಂದು ಅವಳೇ ನುಂಗಿಸತೊಡಗಿದಳು. ಒಂದು ತಿಂಗಳಲ್ಲಿ ಕೆಮ್ಮು ತಗ್ಗಿತು. ಅದರ ಬೆನ್ನಿಗೇ ಅನ್ನ ಕಂಡರೆ ಓಕರಿಕೆ ಶುರುವಾಯಿತು. ಒಂದು ಮುಂಜಾನೆ ಬಿಸಿಲಿಗೆ ಮುಖ ಮಾಡಿ ಕುಳಿತವನ ಕಣ್ಣು ಹಳದಿಯಾಗಿದ್ದುದನ್ನು ಸುನಿತಾ ನೋಡಿದಳು.

ಕುಷ್ಟಗಿಯ ಆಸ್ಪತ್ರೆಯಲ್ಲಿ ರಕ್ತ ತೆಗೆದರು. ನಲವತ್ತರೊಳಗೆ ಇರಬೇಕಾದ ಲಿವರಿನ ಅಂಕಿ ಇನ್ನೂರ ಎಂಬತ್ತಾಗಿತ್ತು. ಡಾಕ್ಟರ್ ರೇಣುಕಾ ವರದಿಯಿಂದ ತಲೆ ಎತ್ತಿದರು.

"ಕುಡೀತೀರೇನು ಅಜ್ಜಾರ?"

"ಕುಡೀತೀನ್ರಿ. ದಿನಕ್ಕ ಐದಾರು ಸಲ."

ಡಾಕ್ಟರರ ಪೆನ್ನು ನಿಂತಿತು. ಪಕ್ಕದಲ್ಲಿದ್ದ ಹೆಂಡತಿ ಸಣ್ಣವ್ವ ಹಣೆ ಬಡಿದುಕೊಂಡಳು. "ಚಾ ಹೇಳಾಕತ್ಯಾನ್ರೀ ಡಾಕ್ಟರ್ ಬಾಯಾರ! ಸೆರೆ ಮೂಸಿ ಸೈತ ನೋಡಿಲ್ಲ ಈ ಮನಶ್ಯಾ. ಊರಾಗ ನೋಡಿದ್ರ ಕಣ್ಣು ಹಳದಿ ಆಗ್ಯಾವಂತ ಎಲ್ಲಾರೂ ಕುಡುಕ, ಕುಡುಕ ಅನ್ನಾಕತ್ಯಾರ."

"ಹಂಗಾರ ಗುಳಿಗಿನ ಲಿವರಿಗೆ ತ್ರಾಸ ಕೊಡಾಕತ್ತಿರಬೇಕು," ಎಂದರು ಡಾಕ್ಟರ್. "ಇವತ್ತಿಂದ ಎಲ್ಲಾ ಬಂದ್. ತಪ್ಪಲದ ರಸ, ಗಿಡಮೂಲಿಕಿ, ಅವೂ ಬ್ಯಾಡ. ತೂಕ ನೋಡ್ರಿ ಇವರದು."

ನರ್ಸ್ ಅಮೀನಾಬೀ ತೂಕದ ಯಂತ್ರ ಎಳೆದಳು. "ಕಂಬಳಿ ಇಳಿಸ್ರಿ ಅಜ್ಜಾ."

"ನೆಲಕ್ಕ ಇಡಾಂಗಿಲ್ಲವ್ವ ಅದನ್ನ. ಮಂದಿ ಚಪ್ಪಲಿ ಹಾಕ್ಕೊಂಡು ತುಳಿದ ಜಾಗ."

"ನನ್ನ ಕೈಯಾಗ ಕೊಡ್ರಿ ಹಂಗಾರ." ತೆಗೆದುಕೊಂಡವಳ ಎರಡೂ ಕೈ ಜಗ್ಗಿದವು. "ಯಾ ಅಲ್ಲಾ! ಇದರಾಗ ಕುರಿಮರಿ ಕಟ್ಗೊಂಡೀರೇನು?"

ಕಂಬಳಿಯ ಗಂಟಿನಿಂದ ಉಣ್ಣೆ ಕತ್ತರಿಸುವ ಕತ್ತರಿ, ಎಲೆಅಡಿಕೆ ಚೀಲ, ಮುಷ್ಟಿಗಾತ್ರದ ಬೀಗ, ಕುರಿಗೆ ಹಚ್ಚುವ ಎಣ್ಣೆಯ ಬಾಟಲಿ ಒಂದೊಂದಾಗಿ ಮೇಜಿಗೆ ಬಂದವು. ಯಂತ್ರ ನಲವತ್ತೈದು ತೋರಿಸಿತು.

ಸುನಿತಾ ಕೈಯಲ್ಲಿದ್ದ ಶಿಬಿರದ ಚೀಟಿ ನೋಡಿದಳು. ಐವತ್ತೊಂದು. ಅವಳದೇ ಅಕ್ಷರ. ಶಿಬಿರದಲ್ಲಿ ಹಿಂದೆ ಸಾಲು ಬೆಳೆದಿತ್ತು, ಅಂಕಿ ಓದಿ ಬರೆದವಳು ಅವಳೇ. ಮಾವ ಕಂಬಳಿ ಹೊತ್ತೇ ನಿಂತಿದ್ದ. ಕಂಬಳಿ ಇಲ್ಲದ ಮಾವನನ್ನು ಅವಳು ನೋಡಿದ್ದೇ ಅಪರೂಪ, ಹಾಗಾಗಿ ಅದು ಕಣ್ಣಿಗೆ ಬಿದ್ದಿರಲಿಲ್ಲ.

"ಐವತ್ತರೊಳಗಿನವರಿಗೆ ಮೂರು ಗುಳಿಗಿ," ಎಂದರು ಡಾಕ್ಟರ್. ಸುನಿತಾಳ ಮುಖ ನೋಡಿ ದನಿ ತಗ್ಗಿಸಿದರು. "ಇದೊಂದರಿಂದನ ಆತು ಅಂತ ಹೇಳಾಕ ಬರಂಗಿಲ್ಲಮ್ಮ. ಮೂರು ತಗೊಂಡವರಿಗೂ ಆಗತೈತಿ. ಎರಡು ವಾರ ಬಿಟ್ಟು ನೋಡೋಣು."

"ಇಳೀಲಿಲ್ಲಂದ್ರ?"

ಡಾಕ್ಟರ್ ರಕ್ತದ ವರದಿಯನ್ನು ಮತ್ತೊಮ್ಮೆ ತಿರುವಿದರು. ಗುಳಿಗೆ ಕೊಟ್ಟರೆ ಲಿವರಿಗೆ ಪೆಟ್ಟು, ಬಿಟ್ಟರೆ ಶ್ವಾಸಕೋಶಕ್ಕೆ. ಸುನಿತಾಳಿಗೆ ಅಷ್ಟು ಅರ್ಥವಾಯಿತು.

ಮೂರು ದಿನ ಅವಳು ಮಾವನ ಎದುರು ಹೋಗಲಿಲ್ಲ. ನಾಲ್ಕನೆಯ ದಿನ ಕುರಿಹಟ್ಟಿಗೆ ಹೋಗಿ ನಿಂತಳು.

"ಮಾವಾರ, ತೂಕ ತಪ್ಪು ಬರದಾಕಿ ನಾನು. ಮೂರು ಸಾಕು ಅಂತ ನೀವು ದಿನಾ ಹೇಳಿದ್ರಿ. ಒತ್ತಾಯ ಮಾಡಿ ನುಂಗಿಸಿದೆ."

ಪಕ್ಕೀರಪ್ಪ ಮರಿಯೊಂದರ ಗೊರಸು ನೋಡುತ್ತಿದ್ದ. "ಕುರಿಗೆ ಜಂತಿನ ಔಷಧಾನೂ ತೂಕದ ಮ್ಯಾಲನ ಕುಡಸೂದು. ನಾ ಒಂದರ ಕುರಿ ತೂಗೀನೇನು? ಕಣ್ಣಂದಾಜು. ಔಷಧ ಹೆಚ್ಚಾಗಿ ಮಲಗ್ಯಾವ, ಮತ್ತ ಎದ್ದಾವ."

"ನೀವು ಕುರಿ ಏನ್ರಿ?"

"ನಿಮ್ಮತ್ತಿನ್ನ ಕೇಳು, ಕೋಣ ಅಂತಾಳ." ಮರಿಯನ್ನು ಬಿಟ್ಟು ಅವಳತ್ತ ತಿರುಗಿದ. "ನಾ ಸುಳ್ಳು ಹೇಳೂದಿಲ್ಲವ್ವ, ಅಂಜಿಕಿ ಐತಿ. ಖರೆ, ನಿನ್ನ ಮ್ಯಾಲ ಸಿಟ್ಟಿಲ್ಲ."

ಅಂದಿನಿಂದ ದಿನಾಲೂ ಬೆಳಗ್ಗೆ ಅವನನ್ನು ಬಾಗಿಲ ಬೆಳಕಿಗೆ ಕೂರಿಸಿ ಕೆಳರೆಪ್ಪೆ ಎಳೆದು ನೋಡುತ್ತಿದ್ದಳು. ಗುಳಿಗೆ ಬಿಟ್ಟ ಒಂಬತ್ತನೆಯ ದಿನ ಬಿಳುಪು ಕಂಡಂತಾಯಿತು. ತನ್ನ ಕಣ್ಣನ್ನೇ ನಂಬದೆ ಸಣ್ಣವ್ವನನ್ನು ಕರೆದು ತೋರಿಸಿದಳು. "ಮೊದಲಿನಂಗ ಮೆಳ್ಳಗಣ್ಣ ಆಗ್ಯಾನ ನೋಡು," ಎಂದಳು ಸಣ್ಣವ್ವ. ಆದರೂ ಕಾಗದ ನೋಡುವ ತನಕ ಸುನಿತಾಳಿಗೆ ತುತ್ತು ಇಳಿಯಲಿಲ್ಲ.

ಹದಿನೈದನೆಯ ದಿನದ ವರದಿ: ಐವತ್ತೆಂಟು.

"ಇಳದೈತಿ," ಎಂದರು ಡಾಕ್ಟರ್ ರೇಣುಕಾ, ಮೊದಲ ಬಾರಿ ನಗುತ್ತ. "ಇನ್ನ ಒಂದೊಂದ ಔಷಧ ಶುರು ಮಾಡೋಣು. ಒಂದು ತಡಕೊಂಡ್ರ ಇನ್ನೊಂದು. ವಾರಕ್ಕೊಮ್ಮೆ ರಕ್ತ ಕೊಡಬೇಕ್ರಿ ಅಜ್ಜಾರ."

"ತಗೋರಿ ಬೇಕಾದಷ್ಟು," ಎಂದ ಪಕ್ಕೀರಪ್ಪ.

ಹೊರಗೆ ಬಂದವನೇ ಬಸ್‌ಸ್ಟ್ಯಾಂಡಿನ ಎದುರಿನ ಖಾನಾವಳಿಯ ಮುಂದೆ ನಿಂತ. "ಹಸಿವ್ಯಾಗೈತಿ," ಎಂದ, ಯಾವುದೋ ಸುದ್ದಿ ತಿಳಿಸುವವನಂತೆ. "ಮಿರ್ಚಿ ಭಜಿ ಕೊಡಸು."

"ಮಿರ್ಚಿ ಇಲ್ಲ ಏನಿಲ್ಲ. ಇಡ್ಲಿ."

ತಟ್ಟೆಯಲ್ಲಿ ನಾಲ್ಕು ಇಡ್ಲಿ ಬಂದವು. ಎರಡು ಮುಗಿಸಿ, ತಟ್ಟೆಯನ್ನು ಅವಳತ್ತ ದೂಡಿದ. "ಹದಿನೈದು ದಿನ ಆತು ನೀ ಹೊಟ್ಟಿತುಂಬ ಉಂಡಿಲ್ಲ. ನಾ ನೋಡೀನಿ."

"ನನಗ ಬ್ಯಾಡ್ರಿ, ಮಾವಾರ."

"ಬಾಯಿ ತಗಿ ಅನ್ನಬೇಕೇನು?"

ಸುನಿತಾ ಒಂದು ತುಂಡು ಮುರಿದಳು. ಸಾಂಬಾರು ಬಿಸಿಯಾಗಿತ್ತು, ಖಾರವಾಗಿತ್ತು. ಎರಡನ್ನೂ ತಿಂದು ಮುಗಿಸಿದಳು. ಆಮೇಲೆ ಅಡುಗೆಮನೆಯ ಕಡೆ ತಿರುಗಿ, ಇನ್ನೊಂದು ಪ್ಲೇಟ್ ಕೊಡ್ರಿ ಎಂದಳು.