ಹಿತ್ತಲಿನ ಇಪ್ಪತ್ತೆರಡು ಅಡಿ

ಅವಳ ಗಂಡನ ಸಾವಿಗೆ ಬಂದಿದ್ದ ನೆಂಟರೆಲ್ಲ ಹೊರಟುಹೋದ ಮರುದಿನ ಎಂದಿನಂತೆ ಹಾಲು ಬಂತು, ಕಸದ ಗಾಡಿ ಬಂತು. ಒಂಬತ್ತಕ್ಕೆ ಪುರಸಭೆಯ ಇಂಜಿನಿಯರೂ ಬಂದ.

"ಹಿತ್ತಲಲ್ಲಿ ಪುಟ್ಟ ಮನೆಗೆ ಅರ್ಜಿ ಹಾಕಿದ್ರಲ್ಲ, ಜಾಗ ನೋಡ್ಬೇಕು."

ವಯಸ್ಸಾದವರಿಗೆಂದು ಹಿತ್ತಲಲ್ಲಿ ಮನೆ ಕಟ್ಟಬಹುದೆಂಬ ಹೊಸ ನಿಯಮ ಬಂದದ್ದೇ ತಡ, ಗಂಡ ಅಳತೆ ಹಿಡಿದಿದ್ದ. ಅರ್ಜಿ ಬರೆದವಳು ಅವಳು. ಅತ್ತೆಯ ಮಂಡಿಗೆ ಮಹಡಿ ಹತ್ತುವುದು ಆಗದು.

"ಮಗನೇ ಇಲ್ಲ, ಇನ್ಯಾರಿಗಮ್ಮ ಮನೆ?" ಅತ್ತೆ ಗೊಣಗಿದರು. "ಅವರನ್ನ ಕಳಿಸು. ನಾನು ವೃದ್ಧಾಶ್ರಮಕ್ಕೆ ಹೋಗ್ತೀನಿ."

"ಬಂದಿದ್ದಾರೆ, ಅಳೀಲಿ ಅತ್ತೆ."

ಅತ್ತೆಯೂ ಹೋದರೆ ಈ ಮನೆಯಲ್ಲಿ ಸತ್ತವನನ್ನು ನೆನೆದು ಬೈಯುವವರೂ ಇರುವುದಿಲ್ಲ, ಅಂದುಕೊಂಡಳು ಸೊಸೆ.

ಇಂಜಿನಿಯರ್ ತನ್ನ ಟೇಪನ್ನು ಆಫೀಸಿನಲ್ಲೇ ಬಿಟ್ಟುಬಂದಿದ್ದ. ಗಂಡನ ಕಪಾಟಿನಲ್ಲಿದ್ದುದನ್ನು ಅವಳು ತಂದುಕೊಟ್ಟಳು. ಆತ ಹಿಂಬಾಗಿಲ ಮೆಟ್ಟಿಲಿಗೆ ತುದಿಯೊತ್ತಿ ಕಾಂಪೌಂಡಿನವರೆಗೆ ಎಳೆದ.

"ಇಪ್ಪತ್ತೆರಡಡಿ ಬೇಕು. ಸರಿಯಾಗಿ ಇಪ್ಪತ್ತೆರಡೇ ಇದೆ!"

"ಇಲ್ಲ ಸ್ವಾಮಿ!" ಗೋಡೆಯಾಚೆಯಿಂದ ಪಕ್ಕದ ಮನೆಯ ಬಡಗಿ ಕತ್ತು ಚಾಚಿದ. "ಅದು ನನ್ನ ಟೇಪು. ಮೊದಲ ಅಡಿ ಗರಗಸಕ್ಕೆ ಸಿಕ್ಕಿ ಹೋಯ್ತು. ಒಂದು ಕಳೀಬೇಕು ಅಂತ ನಿಮ್ಮ ಯಜಮಾನ್ರಿಗೆ ನೂರು ಸಲ ಹೇಳಿದ್ದೆ ತಾಯಿ."

ಎಲ್ಲರೂ ಟೇಪಿನ ಹರಿದ ತುದಿ ನೋಡಿದರು. ಅದು ಒಂದರಿಂದಲೇ ಶುರುವಾಗುತ್ತಿತ್ತು.

"ಹಾಗಾದ್ರೆ ಇಪ್ಪತ್ತೊಂದು," ಇಂಜಿನಿಯರ್ ಪೆನ್ನು ತೆಗೆದ. "ಆಗಲ್ಲಮ್ಮ."

"ಚಿಕ್ಕಂದಿನಿಂದ್ಲೂ ಅವನಿಗೆ ಕಳೆಯೋ ಲೆಕ್ಕ ಬರ್ತಿರಲಿಲ್ಲ," ಎಂದರು ಅತ್ತೆ. ಹೇಳಿದವರೇ ಫಕ್ಕನೆ ನಕ್ಕುಬಿಟ್ಟರು. ಎಷ್ಟೋ ದಿನಗಳ ಮೇಲೆ ಕೇಳಿದ ನಗು. ಸೊಸೆಯ ಮೈಯಲ್ಲಿ ಸತ್ತಂತಿದ್ದ ಏನೋ ಧಡಕ್ಕನೆ ಎದ್ದು ಕೂತಿತು.

"ಬರೀಬೇಡಿ, ತಡೀರಿ! ಮನೆಯ ಗೋಡೆಯಿಂದ ಅಂತ ತಾನೇ ನಿಯಮ? ನೀವು ಮೆಟ್ಟಿಲಿಂದ ಹಿಡಿದಿದ್ದೀರಿ!"

ಇಂಜಿನಿಯರ್ ಕಾಗದ ತಿರುವಿದ. "ಹೌದು, ಗೋಡೆಯಿಂದ."

"ಅತ್ತೆ, ತುದಿ ಹಿಡೀರಿ. ಗೋಡೆಗೆ ಒತ್ತಿ!"

"ಬಗ್ಗೋಕಾಗಲ್ಲ ಕಣೇ."

"ಕಾಲಲ್ಲಿ ಮೆಟ್ಟಿ!"

ಅತ್ತೆ ಚಪ್ಪಲಿ ಬಿಟ್ಟು, ಮೆಟ್ಟಿಲ ಮೇಲೆ ನಿಂತು, ಗೋಡೆಯ ಬುಡಕ್ಕೆ ತುದಿಯನ್ನು ಹೆಬ್ಬೆರಳಲ್ಲಿ ಅದುಮಿದರು. ಸೊಸೆ ಟೇಪು ಎಳೆಯುತ್ತ ಓಡಿದಳು. ಬಡಗಿ ಗೋಡೆಯ ಮೇಲೆ ಅರ್ಧ ಜೋತುಬಿದ್ದಿದ್ದ.

"ಎಷ್ಟು? ಎಷ್ಟೇ?"

"ಇಪ್ಪತ್ಮೂರೂಕಾಲು! ಒಂದು ಕಳೆದರೆ..." ಅವಳು ಅತ್ತೆಯ ಕಡೆ ತಿರುಗಿದಳು.

"ಇಪ್ಪತ್ತೆರಡೂಕಾಲು!" ಅತ್ತೆ, ಬಡಗಿ, ಇಂಜಿನಿಯರ್ ಮೂವರೂ ಒಟ್ಟಿಗೇ ಕೂಗಿದರು.

ಇಂಜಿನಿಯರ್ ಸಹಿ ಹಾಕಿ ಹೋದ. ಅತ್ತೆ ಹಿತ್ತಲ ನಡುವೆ ನಿಂತು, "ಕಿಟಕಿ ಈ ಕಡೆ ಇರಲಿ. ನೀನು ಅಡುಗೆಮನೇಲಿ ಏನು ಮಾಡ್ತೀಯ ಅಂತ ಕಾಣ್ಬೇಕು," ಎಂದರು.

"ಕಾವಲು ಕಾಯೋಕಾ?"

"ಮತ್ತೇನು!"

ಅವಳು ಟೇಪು ಸುತ್ತಿ, ಮಣ್ಣೊರೆಸಿ, ಪಕ್ಕದ ಮನೆಗೆ ಹೋದಳು.

"ಇರಲಿ ಬಿಡಿ ತಾಯಿ, ಅವರ ನೆನಪಿಗೆ," ಬಡಗಿ ಕೈ ಹಿಂದೆಳೆದುಕೊಂಡ.

"ನೆನಪಿಗೆ ಬೇರೆ ಇದೆ ಮೇಸ್ತ್ರಿ." ಅವಳು ಟೇಪನ್ನು ಅವನ ಅಂಗೈಯಲ್ಲಿಟ್ಟಳು. "ಸೋಮವಾರ ಬಾಗಿಲ ಅಳತೆಗೆ ಬನ್ನಿ."