ಎತ್ತಿಕೊಂಡು ಹೋದ ಕೊಡ

ಸುಂಕಮ್ಮನಿಗೆ ಅನುಮಾನ ಬಂತೆಂದರೆ ಅದು ಸುಮ್ಮನೆ ಹೋಗುವ ಜಾತಿಯದಲ್ಲ. ಹಾಲಿನವನು ನಕ್ಕರೆ ನೀರು ಬೆರೆಸಿದ್ದಾನೆ, ನಗದಿದ್ದರೆ ಇನ್ನೂ ಹೆಚ್ಚು ಬೆರೆಸಿದ್ದಾನೆ. ಇಂಥವಳಿಗೆ, ಮುಖ ಕಾಣದ ಒಬ್ಬ ಮನುಷ್ಯ ವರ್ಷಗಟ್ಟಲೆ ಪುಕ್ಕಟೆ ಕೆಲಸ ಮಾಡಿಕೊಟ್ಟು, ಕೊನೆಗೆ ‘ಕೀಲಿ ನನಗೂ ಒಂದು ಕೊಡಿ’ ಎಂದು ಬರೆದರೆ ಅನ್ನ ಇಳಿದೀತೇ?

ಕೀಲಿ ಎಂದರೆ ಮನೆಯದಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ಸಂಸಾರ ಹೂಡಿ ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡುವ ಸುಂಕಮ್ಮ, ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ‘ಸರದಿ’ ಎಂಬ ಪುಟ್ಟ ಲೈಬ್ರರಿ, ಎಂದರೆ ಯಾರು ಬೇಕಾದರೂ ತಮ್ಮ ಪ್ರೋಗ್ರಾಮಿಗೆ ಸೇರಿಸಿಕೊಳ್ಳಬಹುದಾದ ಕೋಡ್, ಬರೆದು ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಬಿಟ್ಟಿದ್ದಳು. ಒಂದೇ ಸಣ್ಣ ಕಂಪ್ಯೂಟರ್ ಚಿಪ್ ಹತ್ತಾರು ಕೆಲಸ ನೋಡಿಕೊಳ್ಳಬೇಕಾದಾಗ, ಕಾಯುವ ಕೆಲಸವನ್ನು ಪಕ್ಕಕ್ಕೆ ಕೂರಿಸಿ, ಅದರ ಹೊತ್ತು ಬಂದಾಗ ಕೂಗಿ ಎಬ್ಬಿಸುವುದು ಅದರ ಕಸುಬು. ಈ ಉಪಾಯ ಅವಳಿಗೆ ಹೊಳೆದದ್ದು ಕೂಡ್ಲಿಗಿಯ ತವರಿನ ಓಣಿಯ ನಲ್ಲಿಯಿಂದ. ಹೆಂಗಸರು ಕೊಡಗಳನ್ನು ಸಾಲಿಗಿಟ್ಟು ಮನೆಗೆ ಹೋಗಿ ರೊಟ್ಟಿ ಬಡಿಯುತ್ತಿದ್ದರು. ನಲ್ಲಿಕಟ್ಟೆಯ ಮೇಲೆ ಕೂತು, ಸರದಿ ಬಂದವರ ಹೆಸರು ಹಿಡಿದು ಕೂಗುವುದು ಸುಂಕಮ್ಮ ಮತ್ತು ಅವಳ ತಮ್ಮ ಓಬಳೇಶನ ಕೆಲಸವಾಗಿತ್ತು. ಇದನ್ನು ಅವಳು ಎಲ್ಲಿಯೂ ಬರೆದಿರಲಿಲ್ಲ.

ಹೊಲದ ಮೋಟಾರ್ ಡಬ್ಬಿಗಳಿಂದ ಹಿಡಿದು ಎಲ್ಲೆಲ್ಲಿನ ಯಂತ್ರಗಳಲ್ಲೋ ‘ಸರದಿ’ ಸೇರಿಕೊಂಡಿತ್ತು. ಕೀಲಿ ಇದ್ದವರು ಅದರೊಳಗೆ ಏನು ಬೇಕಾದರೂ ತುರುಕಬಹುದು. ಕಳ್ಳನ ಕೈಗೆ ಸಿಕ್ಕರೆ ಅಷ್ಟೂ ಯಂತ್ರಗಳ ಹಿತ್ತಲ ಬಾಗಿಲು ತೆಗೆದಿಟ್ಟ ಹಾಗೆ.

ಕೀಲಿ ಕೇಳಿದವನು ‘ಬೂದುಗುಬ್ಬಿ’ ಎಂಬ ಹೆಸರಿಟ್ಟುಕೊಂಡಿದ್ದ. ತಪ್ಪು ಕಂಡಲ್ಲಿ ತಿದ್ದಿ ಕಳಿಸುತ್ತಿದ್ದ, ಥ್ಯಾಂಕ್ಸ್ ಎಂದರೆ ಉತ್ತರವಿಲ್ಲ. ಈಗ ಬರೆದಿದ್ದ: ‘ಮುಂದಿನ ಕೆಲವು ತಿಂಗಳು ನಿಮಗೆ ಬಿಡುವಿರುವುದಿಲ್ಲ. ಅಲ್ಲಿಯವರೆಗೆ ನಾನು ನೋಡಿಕೊಳ್ಳುತ್ತೇನೆ.’

ಸುಂಕಮ್ಮ ಆರು ತುಂಬಿ ಏಳರಲ್ಲಿದ್ದ ಬಸುರಿ. ಆ ಸುದ್ದಿ ಇಂಟರ್ನೆಟ್ಟಿಗೆ ಹೇಗೆ ಗೊತ್ತಾಯಿತು?

“ನೋಡ್ರಿ ಇದನ್ನ,” ಎಂದು ಗಂಡ ಪಾಲಾಕ್ಷನ ಮೂಗಿಗೆ ಫೋನ್ ಹಿಡಿದಳು. ಡಿಪೋ ಕ್ಲರ್ಕ್ ಪಾಲಾಕ್ಷ ನಿಧಾನಸ್ಥ.

“ಯಾರ ಏನಂತ ಒಂದು ಮಾತು ಕೇಳಬಾರದೇನ?”

“ಕಳ್ಳನ್ನ ಕೇಳಿದ್ರ ಹೌದು ಅಂತಾನೇನ್ರಿ?”

ಆ ಪತ್ರದ ಜೊತೆ ಬೂದುಗುಬ್ಬಿ ಒಂದು ತಿದ್ದುಪಡಿಯನ್ನೂ ಕಳಿಸಿದ್ದ. ಕಾಯುತ್ತಿದ್ದ ಕೆಲಸವೊಂದು ಮಧ್ಯದಲ್ಲೇ ರದ್ದಾದರೂ ‘ಸರದಿ’ ಅದರ ಹೆಸರನ್ನೇ ಕೂಗುತ್ತಿತ್ತು. ಆ ಕೂಗು ಯಾರಿಗೂ ಮುಟ್ಟದೆ, ಹಿಂದಿನದು ಏಳದೆ, ಎಲ್ಲ ನಿಂತುಹೋಗುತ್ತಿತ್ತು. ಆ ಕೂಗನ್ನು ಅದರ ಹಿಂದಿನ ಕೆಲಸಕ್ಕೆ ದಾಟಿಸಬೇಕು ಎಂಬುದು ತಿದ್ದುಪಡಿ. ಸರಿಯಾಗಿಯೇ ಇತ್ತು, ಅದೇ ಅವಳಿಗೆ ಇನ್ನಷ್ಟು ಅನುಮಾನ. ಕೊನೆಯಲ್ಲಿ ಪರೀಕ್ಷೆಗೆಂದು ಮೂರು ಕೆಲಸಗಳಿಗೆ ಹೆಸರಿಟ್ಟಿದ್ದ: ಬೊಮ್ಮಮ್ಮ, ಪಂಪಮ್ಮ, ಹೊನ್ನೂರಮ್ಮ.

ಸುಂಕಮ್ಮ ಆ ಹೆಸರುಗಳನ್ನು ಮತ್ತೊಮ್ಮೆ ಓದಿದಳು. ಹೊನ್ನೂರಮ್ಮ ಅವಳ ಅವ್ವ. ಉಳಿದಿಬ್ಬರು ಅದೇ ಓಣಿಯವರು. ನಲ್ಲಿಯ ಮುಂದೆ ಅವರ ಕೊಡಗಳೂ ಇದೇ ಕ್ರಮದಲ್ಲಿ ಇರುತ್ತಿದ್ದವು! ನಿನ್ನ ಮನೆ ಗೊತ್ತು, ನಿಮ್ಮವ್ವನೂ ಗೊತ್ತು ಎಂದು ಹೆದರಿಸುತ್ತಿದ್ದಾನೆ, ಇನ್ನೇನು? ಅವಳು ಆ ತಿದ್ದುಪಡಿಯನ್ನು ತಿರಸ್ಕರಿಸಿದಳು, ಬೂದುಗುಬ್ಬಿಯನ್ನು ಹೊರಹಾಕಿದಳು, ಎಲ್ಲರಿಗೂ ಕಾಣುವಂತೆ ಬರೆದಳು: ‘ಈತ ಮೋಸಗಾರ. ನಂಬಬೇಡಿ.’ ನೋಡನೋಡುತ್ತಲೇ ಜನ ಅವನಿಗೆ ಬಾಯಿಗೆ ಬಂದಂತೆ ಬೈಯತೊಡಗಿದರು.

ಆ ವಾರವೇ ಕೂಡ್ಲಿಗಿಯಲ್ಲಿ ಅವಳ ಕುಬಸ. ಬಸುರಿಗೆ ತವರಿನವರು ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಉಡಿ ತುಂಬುವ ದಿನ. ಸೀರೆಯನ್ನು ಅಣ್ಣನೋ ತಮ್ಮನೋ ತಂದು ಕೈಯಾರೆ ಕೊಡಬೇಕು. ಹೊಸಪೇಟೆ ಕಡೆ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ ಓಬಳೇಶ ಬೈಕ್‌ನಲ್ಲಿ ಬಂದ. ಅಕ್ಕನ ಮುಖ ನೋಡಲಿಲ್ಲ.

ಅವರಿಬ್ಬರೂ ಮಾತು ಬಿಟ್ಟಿದ್ದರು. ಓದುವಾಗ ಸುಂಕಮ್ಮ ಮಾಡಿದ್ದ ಪ್ರಾಜೆಕ್ಟನ್ನು ಓಬಳೇಶ ಇಂಟರ್‌ವ್ಯೂದಲ್ಲಿ ತೋರಿಸಿದ್ದ. ‘ನಮ್ಮಕ್ಕಂದು ಅಂತ ಹೇಳೇ ತೋರ್ಸೀನಿ’ ಎಂದು ಆಣೆ ಮಾಡಿದ. ಅವಳು ನಂಬಬೇಕಲ್ಲ! ಅವನಿಗೆ ಕೆಲಸ ಸಿಕ್ಕ ಖುಷಿಯ ಊಟಕ್ಕೆ ಕೂತ ನೆಂಟರೆದುರೇ ‘ಕಳ್ಳ’ ಎಂದುಬಿಟ್ಟಿದ್ದಳು. ಅಂದಿನಿಂದ ಮಾತು ಬಿಟ್ಟವರ ಪದ್ಧತಿಯಂತೆ ನಡೆದಿತ್ತು: ಹೇಳುವುದೇನಿದ್ದರೂ ಮೂರನೆಯವರಿಗೆ ಹೇಳಬೇಕು, ಅಲ್ಲೇ ಕೂತವರು ಕೇಳಿಸಿಕೊಳ್ಳಬೇಕು.

“ಅವ್ವಾ, ಡಾಕ್ಟರ್ ಮಲಗಿರು ಅಂತ ಹೇಳ್ಯಾರಂತಲ್ಲ, ಇನ್ನಾದ್ರೂ ಮಲಗ್ಲಿ ಅಂತ ಅಕಿಗಿ ಹೇಳು,” ಎಂದ ಓಬಳೇಶ.

“ಅವ್ವಾ, ಊರ ಉಸಾಬರಿ ಅವಗ್ಯಾಕ ಕೇಳು,” ಎಂದಳು ಸುಂಕಮ್ಮ.

ಹೊನ್ನೂರಮ್ಮನಿಗೆ ರೇಗಿತು. “ಹೋಗ್ರತ್ಲಾಗ! ನಿಮ್ಮ ಮಾತು ಹೊತ್ತು ಹಾಕಿ ನನ್ನ ಕುತ್ಗಿ ಬಿತ್ತು. ಕಂಬ ಐತಿ ನೋಡ್ರಿ, ಅದಕ್ಕ ಹೇಳ್ಕ್ಯಳ್ರಿ!” ಎಂದು ಅಡುಗೆಮನೆಗೆ ನಡೆದಳು.

ಪಡಸಾಲೆಯಲ್ಲಿ ಇಬ್ಬರೂ, ನಡುವೆ ಕಂಬವೂ ಉಳಿದವು. ಓಬಳೇಶ ಸೀರೆಯ ಗಂಟನ್ನು ಕಂಬದ ಬುಡದಲ್ಲಿಟ್ಟು, ಕಂಬಕ್ಕೇ ಹೇಳಿದ:

“ಕೊಡ ಎತ್ಕ್ಯಂಡು ಹೋದಾಕಿ ಹೆಸ್ರು ಎಷ್ಟು ಕೂಗಿದ್ರೂ ಹಿಂದಿನಾಕಿ ಎದ್ದು ಬರಾದಿಲ್ಲ. ನನ್ನ ಬೈದ್ರ ಬೈಲಿ, ಅದನ್ನೊಂದು ಸರಿ ಮಾಡ್ಕ್ಯಳ್ಳಿ.”

ಅದು ಬೂದುಗುಬ್ಬಿ ಕಳಿಸಿದ್ದ ತಿದ್ದುಪಡಿಯ ಮಾತೇ! ಬೊಮ್ಮಮ್ಮ, ಪಂಪಮ್ಮ, ಹೊನ್ನೂರಮ್ಮ. ಕಟ್ಟೆಯ ಮೇಲೆ ಅವಳ ಪಕ್ಕದಲ್ಲಿ ಕೂತು ಆ ಸಾಲನ್ನು ಕಂಡವನು ಇನ್ನಾರಿದ್ದಾನೆ? ಅವಳು ಬಸುರಿ ಎಂದು ಅವನಿಗೆ ಹೇಳಿದವಳು ಅವ್ವ. ಇಷ್ಟು ವರ್ಷ ಅವಳ ತಪ್ಪುಗಳನ್ನೆಲ್ಲ ಒಬ್ಬನೇ ಕೂತು ತಿದ್ದಿದವನನ್ನು ಅವಳು ಈಗ ಎರಡನೇ ಸಲ ಕಳ್ಳನೆಂದು ಕೂಗಿದ್ದಳು, ಈ ಸಲ ಇಡೀ ಲೋಕಕ್ಕೆ ಕೇಳುವಂತೆ.

“ಬರ್ದಿದ್ದು ಅಳಿಸ್ತೀನಿ,” ಎಂದು ಅವಳೂ ಕಂಬಕ್ಕೇ ಹೇಳಿದಳು. ನೇರ ಮಾತಾಡಲು ಬಾಯಿ ಬರಲಿಲ್ಲ. “ಕೀಲಿನೂ ಕೊಡ್ತೀನಿ. ಎಲ್ಲದಕ್ಕೂ ಅವನ ಹೆಸ್ರು ಹಾಕ್ತೀನಿ.”

“ಹೆಸ್ರು ಬ್ಯಾಡ,” ಎಂದ ಓಬಳೇಶ. “ಹೆಸ್ರು ಇಲ್ಲದಂಗ ಮಾಡಿದ್ರ ಕದ್ದಾನ ಅನ್ನಾಕ ಬರಾದಿಲ್ಲ ಅನ್ಕಂಡಿದ್ದೆ. ಅದಕ್ಕೂ ಅಂದ್ರು.”

ಅಷ್ಟು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೊರನಡೆದ.

ಸುಂಕಮ್ಮ ಫೋನ್ ತೆಗೆದಳು. ಬರೆದದ್ದನ್ನು ಅಳಿಸಿದರೆ ಸಾಲದು ಎನ್ನಿಸಿತು. ಅದರ ಕೆಳಗೇ ಬರೆದಳು: ‘ಮೋಸಗಾರ ಎಂದದ್ದು ನನ್ನ ತಪ್ಪು. ಈತ ನನ್ನ ತಮ್ಮ ಓಬಳೇಶ. ಅಂದೂ ಕದ್ದಿರಲಿಲ್ಲ, ಇಂದೂ ಇಲ್ಲ.’ ಅಂದಿನದಕ್ಕೆ ಅವಳ ಹತ್ತಿರ ಈಗಲೂ ಸಾಕ್ಷಿ ಇರಲಿಲ್ಲ. ಆದರೂ ಬರೆದಳು.

ಒಳಗೆ ಅಷ್ಟರಲ್ಲಿ ಮಣೆ ಹಾಕಿದ್ದರು. ಅವಳನ್ನು ಕೂರಿಸಿ ಅರಿಶಿನ ಹಚ್ಚಿದರು, ಬಳೆ ತೊಡಿಸಿದರು. “ಸೀರಿ ಕೊಡಾಕ ತಮ್ಮ ಎಲ್ಲದಾನ? ಓಬಳೇಶಾ!” ಎಂದು ಹೆಂಗಸರು ಕೂಗಿದರು. “ಹೋದ್ನೇನು? ಹೋಗ್ಲಿ ಬಿಡು, ಚಿಕ್ಕಪ್ಪನ ಮಗನ್ನ ಕರೀರಿ, ಅವನ ಕೈಲೆ ಕೊಡಸಾನು,” ಎಂದಳು ಯಾರೋ.

“ಯಾರನ್ನೂ ಕರೀಬ್ಯಾಡ್ರಿ!” ಎಂದು ಸುಂಕಮ್ಮ ಮಣೆಯಿಂದ ಎದ್ದಳು. ಬಸುರಿ ಮಣೆ ಬಿಟ್ಟು ಏಳಬಾರದು ಎಂದು ಹೆಂಗಸರು ಬೊಬ್ಬೆ ಹಾಕಿದರು. ಅರಿಶಿನದ ಮುಖದಲ್ಲೇ ಹೊಸ್ತಿಲಿಗೆ ಬಂದಳು. ಅಷ್ಟು ಹೊತ್ತು ಓಣಿಯಲ್ಲೇ ನಿಂತಿದ್ದ ಓಬಳೇಶನ ಬೈಕ್ ಈಗ ಹೊರಟು ನಲ್ಲಿಕಟ್ಟೆ ದಾಟುತ್ತಿತ್ತು. ಅವಳು ಸೊಂಟಕ್ಕೆ ಕೈಯಿಟ್ಟು, ಸಣ್ಣವಳಿದ್ದಾಗಿನ ಅದೇ ಗಂಟಲಲ್ಲಿ, ಓಣಿಯ ಕೊನೆಗೂ ಮುಟ್ಟುವಂತೆ ಕೂಗಿದಳು:

“ಲೇ ಓಬಳ್ಯಾ! ನಿನ್ನ ಸರದಿ ಬಂತು, ಬಾರಲೇ!”

ಕೊಡ ತುಂಬುತ್ತಿದ್ದ ಪಂಪಮ್ಮ ತಿರುಗಿ ನೋಡಿದಳು. ಬೈಕ್ ಅಲ್ಲೇ ನಿಂತಿತು. ಓಬಳೇಶ ತಿರುಗಲಿಲ್ಲ, ಕೀಲಿ ತಿರುವಿ ಬೈಕ್ ಆಫ್ ಮಾಡಿ, ಮೊಣಕೈಯಿಂದ ಕಣ್ಣೊರೆಸಿಕೊಂಡ.

“ಬಂದೆ ತಡಿಯಕ್ಕಾ,” ಎಂದ.